ತುರ್ತು ನಿಲುಗಡೆಯನ್ನು ಸಾಮಾನ್ಯ ಪಿಎಲ್‌ಸಿಗೆ ಬಿಟ್ಟರೆ ಸಾಕೇ?

ಪ್ರಶ್ನೆ: ನಾನು ಕಾರ್ಖಾನೆಯೊಂದರ ನಿರ್ವಹಣಾ ವಿಭಾಗದಲ್ಲಿದ್ದೇನೆ. ಹೊಸ ಕನ್ವೇಯರಿನ ಎಮರ್ಜೆನ್ಸಿ ಸ್ಟಾಪ್ ಗುಂಡಿಯನ್ನು ಸಾಮಾನ್ಯ ಪಿಎಲ್‌ಸಿಯ (ಯಂತ್ರವನ್ನು ಪ್ರೋಗ್ರಾಂ ಮೂಲಕ ನಡೆಸುವ ಕೈಗಾರಿಕಾ ಕಂಪ್ಯೂಟರ್) ಇನ್‌ಪುಟ್‌ಗೆ ಜೋಡಿಸಿದ್ದಾರೆ. ಒತ್ತಿದರೆ ಯಂತ್ರ ನಿಲ್ಲುತ್ತದೆ. ಹಾಗಿದ್ದ ಮೇಲೆ ಸುರಕ್ಷತಾ ಸರ್ಕ್ಯೂಟನ್ನು ಕಾಯುವ ಪ್ರತ್ಯೇಕ ಸೇಫ್ಟಿ ರಿಲೇ ಏಕೆ ಬೇಕು? ‘ಸಿಲ್ 2’ (ಸುರಕ್ಷತಾ ಸಮಗ್ರತೆಯ ಹಂತ 2) ಎಂದು ಬರೆದಿರುವ ಉಪಕರಣ ಕೊಂಡರೆ ಸಾಲದೇ?

ಉತ್ತರ: ಎಲ್ಲವೂ ಸರಿಯಿರುವ ದಿನ ಯಂತ್ರ ನಿಲ್ಲುವುದರಲ್ಲಿ ಹೆಚ್ಚುಗಾರಿಕೆಯೇನಿಲ್ಲ, ಯಾವುದಾದರೊಂದು ಭಾಗ ಕೆಟ್ಟ ದಿನವೂ ಅದು ನಿಲ್ಲುತ್ತದೆಯೇ ಎಂಬುದನ್ನೇ ನಾವು ಕೇಳಬೇಕು. ನೀವು ವಿವರಿಸಿದ ಜೋಡಣೆಯಲ್ಲಿ ಮೋಟಾರಿಗೆ ವಿದ್ಯುತ್ ಕೊಟ್ಟು ಕಡಿಯುವ ಸ್ವಿಚ್ಚಾದ ಕಾಂಟ್ಯಾಕ್ಟರ್‌ನ ಸಂಪರ್ಕಗಳು ಶಾಖಕ್ಕೆ ಬೆಸೆದುಕೊಂಡವು ಎಂದುಕೊಳ್ಳಿ. ಗುಂಡಿ ಒತ್ತಿದೊಡನೆ ಪಿಎಲ್‌ಸಿ ತನ್ನ ಔಟ್‌ಪುಟ್ ಆರಿಸುತ್ತದೆ, ಪರದೆಯ ಮೇಲೆ ‘ನಿಂತಿದೆ’ ಎಂದೂ ತೋರಿಸುತ್ತದೆ, ಆದರೆ ಬೆಲ್ಟ್ ಓಡುತ್ತಲೇ ಇರುತ್ತದೆ. ಪಿಎಲ್‌ಸಿಯ ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆದರೂ ಫಲ ಇದೇ.

ಸುರಕ್ಷತಾ ಸರ್ಕ್ಯೂಟಿನಲ್ಲಿ ಗುಂಡಿಗೆ ಸಾಮಾನ್ಯವಾಗಿ ಎರಡು ಎನ್‌ಸಿ (ಗುಂಡಿ ಒತ್ತದಿರುವಾಗ ಮುಚ್ಚಿದ್ದು, ಒತ್ತಿದಾಗ ತೆರೆಯುವ) ಸಂಪರ್ಕಗಳಿದ್ದು, ಎರಡಕ್ಕೂ ಬೇರೆ ಬೇರೆ ತಂತಿಗಳಿರುತ್ತವೆ. ತಂತಿ ತುಂಡಾದರೂ ಗುಂಡಿ ಒತ್ತಿದಂತೆಯೇ ಲೆಕ್ಕ. (ಇದೇ ಗುಂಡಿಗೆ ಎನ್‌ಓ, ಅಂದರೆ ಒತ್ತಿದಾಗಷ್ಟೇ ಮುಚ್ಚುವ ಸಂಪರ್ಕ ಬಳಸಿ ನೆಮ್ಮದಿಯಾಗಿರುವವರೂ ಉಂಟು. ತಂತಿ ಕಳಚಿದ್ದು ಅವರಿಗೆ ತಿಳಿಯುವುದು ಗುಂಡಿ ಒತ್ತಿದಾಗಲೇ.) ಮೋಟಾರಿನ ಹಾದಿಯಲ್ಲಿ ಸರಣಿಯಾಗಿ ಎರಡು ಕಾಂಟ್ಯಾಕ್ಟರ್‌ಗಳಿದ್ದು, ಅವು ನಿಜವಾಗಿ ತೆರೆದಿವೆಯೇ ಎಂದು ತಿಳಿಸುವ ಸಹಾಯಕ ಸಂಪರ್ಕಗಳು ಸೇಫ್ಟಿ ರಿಲೇಗೆ ಹಿಂದಿರುಗಿ ಬರುತ್ತವೆ. ಒಂದು ಬೆಸೆದುಕೊಂಡರೆ ಇನ್ನೊಂದು ವಿದ್ಯುತ್ತನ್ನು ಕಡಿಯುತ್ತದೆ, ರಿಲೇ ಮರುಚಾಲನೆಗೆ ಒಪ್ಪುವುದಿಲ್ಲ. ಐಎಸ್‌ಓ 13850 ಮಾನಕದ ಪ್ರಕಾರ, ಒತ್ತಿದ ಗುಂಡಿಯನ್ನು ತಿರುಗಿಸಿ ಬಿಡಿಸಿದ ಮಾತ್ರಕ್ಕೆ ಯಂತ್ರ ತಾನಾಗಿ ಹೊರಡಕೂಡದು. ಬಿಡಿಸುವುದು ಮರುಚಾಲನೆಗೆ ಅವಕಾಶವನ್ನಷ್ಟೇ ಕೊಡಬೇಕು.

ಇನ್ನು ಸಿಲ್ ವಿಚಾರ. ಐಇಸಿ 61508 ಮಾನಕವು ಸುರಕ್ಷತಾ ಸಮಗ್ರತೆಯನ್ನು 1ರಿಂದ 4ರವರೆಗಿನ ಹಂತಗಳಲ್ಲಿ ಅಳೆಯುತ್ತದೆ. ಪದೇ ಪದೇ ಬಳಕೆಗೆ ಬರುವ ರಕ್ಷಣೆಯಲ್ಲಿ ಸಿಲ್ 2 ಎಂದರೆ, ಅಪಾಯಕಾರಿ ವೈಫಲ್ಯದ ಸಂಭವ ಗಂಟೆಗೆ 10 ಲಕ್ಷದಲ್ಲಿ 1ಕ್ಕಿಂತ ಕಡಿಮೆ, ಆದರೆ 1 ಕೋಟಿಯಲ್ಲಿ 1ಕ್ಕಿಂತ ಕಡಿಮೆಯಲ್ಲ. ಈ ಹಂತ ಸಲ್ಲುವುದು ಬಿಡಿ ಉಪಕರಣಕ್ಕಲ್ಲ, ಗುಂಡಿಯಿಂದ ಕಾಂಟ್ಯಾಕ್ಟರ್‌ವರೆಗಿನ ಇಡೀ ಸುರಕ್ಷತಾ ಕಾರ್ಯಕ್ಕೆ. ಸಿಲ್ 3 ಮುದ್ರೆಯ ರಿಲೇ ತಂದು ಅದರ ಮುಂದೆ ಒಂಟಿ ಕಾಂಟ್ಯಾಕ್ಟರ್ ಕೂರಿಸಿದರೆ ಮುದ್ರೆ ರಿಲೇಯ ಮೇಲೇ ಉಳಿಯುತ್ತದೆ. ಎಷ್ಟನೆಯ ಹಂತ ಬೇಕೆಂಬುದನ್ನೂ ಗಾಯದ ತೀವ್ರತೆ, ಜನ ಅಪಾಯದ ಬಳಿ ಹೋಗುವ ಆವರ್ತನ, ತಪ್ಪಿಸಿಕೊಳ್ಳುವ ಸಾಧ್ಯತೆ ಇವುಗಳನ್ನು ತೂಗಿ ನೋಡಿದ ಮೇಲೆ ನಿರ್ಧರಿಸಬೇಕೇ ಹೊರತು ಕ್ಯಾಟಲಾಗ್ ನೋಡಿ ಅಲ್ಲ.

ನೀವು ಕೇಳದಿದ್ದರೂ ಒಂದು ಮಾತು ಹೇಳಬೇಕು. ಮುಂದೆ ಸೇಫ್ಟಿ ಪಿಎಲ್‌ಸಿ (ಸುರಕ್ಷತಾ ಕಾರ್ಯಗಳಿಗೆಂದೇ ತಯಾರಾದ ಪಿಎಲ್‌ಸಿ) ಅಳವಡಿಸಿದರೆ, ಅದರ ಪ್ರೋಗ್ರಾಂ ಬದಲಿಸಲು ಬಿಡುವ ಕೀಲಿಯ ಮೇಲೆ ಕಣ್ಣಿರಲಿ. 2017ರಲ್ಲಿ ಸೌದಿ ಅರೇಬಿಯಾದ ಪೆಟ್ರೋಕೆಮಿಕಲ್ ಘಟಕವೊಂದರ ಸುರಕ್ಷತಾ ಕಂಟ್ರೋಲರ್‌ಗಳಿಗೇ ‘ಟ್ರೈಟನ್’ ಎಂಬ ಕುತಂತ್ರಾಂಶ ನುಗ್ಗಿತ್ತು. ಆ ಕೀಲಿಯನ್ನು ಪ್ರೋಗ್ರಾಂ ಸ್ಥಾನದಲ್ಲೇ ಬಿಟ್ಟಿದ್ದು ದಾಳಿಗೆ ದಾರಿ ಮಾಡಿಕೊಟ್ಟಿತ್ತು. ಕೆಲಸ ಮುಗಿದೊಡನೆ ಅದನ್ನು ‘ರನ್’ ಸ್ಥಾನಕ್ಕೆ ತಿರುಗಿಸಿ, ಕೀಲಿಯನ್ನು ತೆಗೆದು ಬೇರೆಡೆ ಇಡಿ.