ಮೈಸೂರಿನಲ್ಲಿದ್ದು ಸಮುದ್ರದ ಆಳ ಮತ್ತು ಮೀನಿನ ಜೀನ್ ಬಗ್ಗೆ ಸಂಶೋಧನೆ ಮಾಡಬಹುದೇ, ಮಂಗಳೂರಿಗೇ ಹೋಗಬೇಕೇ?

ಊರು ಬದಲಿಸುವ ಯೋಚನೆ ಬಿಡಿ. ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಪ್ರಾಣಿಶಾಸ್ತ್ರ ಓದುವಾಗ ನಾನೂ ಸಮುದ್ರ ಹತ್ತಿರವಿದ್ದರೆ ಸಾಕು ಅಂದುಕೊಂಡಿದ್ದೆ. ರಜೆ ಸಿಕ್ಕಾಗಲೆಲ್ಲ ಮಂಗಳೂರಿನ ದಕ್ಕೆಗೆ, ಅಂದರೆ ಮೀನುಗಾರಿಕೆ ಬಂದರಿಗೆ ಹೋಗಿ, ಬೋಟ್‌ನಿಂದ ಇಳಿಸಿದ ಮೀನಿನ ರೆಕ್ಕೆಯ ಚೂರು ಕತ್ತರಿಸಿ ಆಲ್ಕೋಹಾಲ್‌ನಲ್ಲಿ ಹಾಕಿಕೊಂಡು ಬರುತ್ತಿದ್ದೆ. ಟ್ಯೂಬ್ ಮೇಲೆ ಮೀನಿನ ಹೆಸರು, ತಾರೀಖು, ಬಂದರು ಬರೆದೆ. ಎಷ್ಟು ಆಳದಲ್ಲಿ ಸಿಕ್ಕಿದ್ದು ಅಂತ ಬರೆಯಲಿಲ್ಲ.

ಕೆಲಸ ಕೆಟ್ಟಿದ್ದೇ ಅಲ್ಲಿ. ಬಲೆ ಎಳೆದುಕೊಂಡು ಹೋಗುವ ಟ್ರಾಲ್ ಬೋಟ್ ದಿನಗಟ್ಟಲೆ ಸಮುದ್ರದಲ್ಲಿರುತ್ತದೆ. ಒಂದು ದಿನ ಕಡಿಮೆ ಆಳದಲ್ಲಿ ಬಲೆ ಎಳೆದರೆ, ಮರುದಿನ ಇನ್ನೂ ಹೊರಗೆ, ಜಾಸ್ತಿ ಆಳದಲ್ಲಿ. ಎಲ್ಲವೂ ಐಸ್ ಜೊತೆ ಬೆರೆಯುತ್ತದೆ. ದಡಕ್ಕೆ ಬಂದ ಮೇಲೆ ಯಾವ ಮೀನು ಯಾವ ಆಳದ್ದು ಅಂತ ಬೋಟ್ ನಡೆಸುವ ತಾಂಡೇಲರಿಗೂ ಹೇಳಲಾಗುವುದಿಲ್ಲ. ಡಿಎನ್‌ಎ ನೋಡಿದರೆ, ಒಂದೇ ಜಾತಿ ಅಂದುಕೊಂಡ ಮೀನುಗಳು ಎರಡು ಗುಂಪಾಗಿದ್ದವು. ಕಾರಣ ಆಳವೋ, ಜಾಗವೋ, ಹಿಡಿದ ಕಾಲವೋ? ಯಾವುದನ್ನೂ ತಳ್ಳಿಹಾಕಲು ಆಗಲಿಲ್ಲ. ಬೋಟ್‌ನಲ್ಲಿ ಆಳ ತೋರಿಸುವ ಯಂತ್ರ ಇತ್ತು. ಪ್ರತಿ ಬಲೆಗೂ ಒಂದು ಅಂಕಿ ಬರೆದಿಡಿ, ಆ ಮೀನು ಬೇರೆ ಚೀಲಕ್ಕೆ ಹಾಕಿ ಅಂತ ಮೊದಲೇ ಕೇಳಿಕೊಂಡಿದ್ದರೆ ಸಾಕಿತ್ತು. ನನ್ನ ಪ್ರಬಂಧದ ಆ ಅಧ್ಯಾಯವನ್ನೇ ಕೈಬಿಟ್ಟೆ.

ಸಮುದ್ರದಲ್ಲಿ ಗೋಡೆ ಇಲ್ಲ, ದೂರವೇ ಮೀನುಗಳನ್ನು ಬೇರೆ ಮಾಡುತ್ತದೆ ಅಂತ ಪ್ರಶ್ನೆಯ ಜೊತೆಗೆ ಬರೆದಿದ್ದೀರಿ. ಒಪ್ಪುವುದಿಲ್ಲ, ಆಳವೂ ಗೋಡೆಯಂತೆಯೇ. ಕೆಳಗಿಳಿದಂತೆ ಪ್ರತಿ 10 ಮೀಟರಿಗೆ ನೀರಿನ ಒತ್ತಡ ಒಂದು ವಾತಾವರಣದಷ್ಟು, ಅಂದರೆ ಸಮುದ್ರಮಟ್ಟದ ಗಾಳಿಯ ಒತ್ತಡದಷ್ಟು ಏರುತ್ತದೆ. ಕೆಂಪು ಬೆಳಕು ಮೇಲೆಯೇ ಮುಗಿಯುತ್ತದೆ, ನೀಲಿ ಆಳಕ್ಕೆ ಇಳಿಯುತ್ತದೆ. ಕಣ್ಣು, ಸ್ನಾಯು, ಪ್ರೋಟೀನ್ ಎಲ್ಲವೂ ಇದಕ್ಕೆ ಹೊಂದಿಕೊಳ್ಳಬೇಕು. ಕ್ಯಾಲಿಫೋರ್ನಿಯಾ ಕಡೆಯ ವರ್ಮಿಲಿಯನ್ ರಾಕ್‌ಫಿಶ್ ಒಂದೇ ಜಾತಿ ಅಂತ ಬಹಳ ಕಾಲ ನಂಬಿದ್ದರು. 2008ರಲ್ಲಿ ಜೀನ್ ನೋಡಿದಾಗ ಎರಡು ಜಾತಿ ಅಂತ ಗೊತ್ತಾಯಿತು. ವರ್ಮಿಲಿಯನ್ ಹೆಚ್ಚಾಗಿ 100 ಮೀಟರಿಗಿಂತ ಕಡಿಮೆ ಆಳದಲ್ಲಿ, ಸನ್‌ಸೆಟ್ ರಾಕ್‌ಫಿಶ್ ಅದಕ್ಕಿಂತ ಹೆಚ್ಚು ಆಳದಲ್ಲಿ. ಅಟ್ಲಾಂಟಿಕ್‌ನ ರೌಂಡ್‌ನೋಸ್ ಗ್ರೆನೇಡಿಯರ್ ಎಂಬ ಆಳಸಮುದ್ರದ ಮೀನಿನ ಉದಾಹರಣೆ ನನಗೆ ಇನ್ನೂ ಇಷ್ಟ. ಅದು ಒಂದೇ ಜಾತಿ. ಆದರೂ 1800 ಮೀಟರ್ ಆಳದ ಮೀನುಗಳ ಕೆಲವು ಜೀನ್‌ಗಳು ಮೇಲಿನವುಗಳಿಗಿಂತ ಬೇರೆ ಅಂತ 2018ರಲ್ಲಿ ತೋರಿಸಿದರು. ನಕಾಶೆಯ ಮೇಲೆ ಅವು ಅಕ್ಕಪಕ್ಕದಲ್ಲೇ ಇರುವಂಥವು!

ಜೆನ್‌ಬ್ಯಾಂಕ್‌ನ (ಡಿಎನ್‌ಎ ವಿವರಗಳ ಆನ್‌ಲೈನ್ ಭಂಡಾರ) ಮಾಹಿತಿ ಯಾರಿಗೂ ಉಚಿತ. ಆಳ ದಾಖಲಾಗಿರುವುದನ್ನು ಮಾತ್ರ ಆರಿಸಿ, ಮೈಸೂರಿನಿಂದಲೇ ಶುರು ಮಾಡಿ. ಹೊಸ ಮೀನು ಬೇಕೇಬೇಕು ಅಂದರೆ, ಕೊಚ್ಚಿಯಲ್ಲಿರುವ, ಸಮುದ್ರ ಜೀವಿಗಳನ್ನು ಅಧ್ಯಯನ ಮಾಡುವ ಸರ್ಕಾರಿ ಸಂಸ್ಥೆ ಸಿಎಂಎಲ್‌ಆರ್‌ಇಯ ಸಂಶೋಧನಾ ಹಡಗು ಸಾಗರ ಸಂಪದ ಇದೆ. ಮಂಗಳೂರಲ್ಲಿ ರೂಮು ಹುಡುಕುವ ಮೊದಲು ನಿಮ್ಮ ಗೈಡ್ ಮೂಲಕ ಅವರಿಗೊಂದು ಇಮೇಲ್ ಹಾಕಿಸಿ.