ಸುಳ್ಳು ಲೆಕ್ಕಕ್ಕೆ ಸಹಿ ಹಾಕಲಿಲ್ಲ, ಈಗ ಸುಮ್ಮನಿರಬೇಕೆ?

ಪ್ರಶ್ನೆ: ಕಟ್ಟಡದ ಸೈಟಿನಲ್ಲಿ ಸ್ಟೋರ್‌ಕೀಪರ್ ಆಗಿದ್ದೇನೆ. ಲಾರಿಯಿಂದ ಇಳಿದದ್ದು 340 ಚೀಲ ಸಿಮೆಂಟು, ಚಲನ್‌ನಲ್ಲಿ 400. ಸಹಿ ಹಾಕಲಿಲ್ಲ. ಅಂದಿನಿಂದ ರಾತ್ರಿ ಪಾಳಿ, ಸಂಬಳದಲ್ಲಿ ಕಡಿತ. ‘ಎಲ್ಲರೂ ಹಾಕ್ತಾರೆ, ಮಕ್ಕಳ ಫೀಸ್ ಕಟ್ಟಬೇಕಲ್ಲ’ ಅಂತಾಳೆ ಹೆಂಡತಿ. ‘ಶಿಲುಬೆ ಅಂತ ಹೊತ್ಕೊಳ್ಳಿ, ದೂರು ಬೇಡ’ ಅಂತಾರೆ ನಮ್ಮ ಸಭೆಯ (ಚರ್ಚಿನ) ಅಯ್ಯನವರು. ಏನು ಮಾಡಲಿ?

ಉತ್ತರ: ಸಹೋದರರೇ, ಸಹಿ ಹಾಕದೆ ಒಳ್ಳೆಯದು ಮಾಡಿದಿರಿ. 60 ಚೀಲವೆಂದರೆ 3 ಟನ್. ಅಷ್ಟು ಸಿಮೆಂಟು ಕಾಂಕ್ರೀಟಿಗೆ ಬೀಳದಿದ್ದರೆ ಸೂರು ದುರ್ಬಲ, ಆ ಸೂರಿನ ಕೆಳಗೆ ನಾಳೆ ಯಾರದೋ ಮಕ್ಕಳು ಮಲಗುತ್ತಾರೆ.

ಅಯ್ಯನವರ ಮನಸ್ಸಿನಲ್ಲಿರುವುದು ಬೈಬಲಿನ 1 ಪೇತ್ರ 2:20 ಇರಬೇಕು: ಒಳ್ಳೆಯದನ್ನು ಮಾಡಿ ಬಾಧೆಪಟ್ಟು ತಾಳಿಕೊಂಡರೆ ಅದು ದೇವರಿಗೆ ಮೆಚ್ಚಿಕೆ. ನಿಜವೇ. ಆದರೆ ಎರಡು ವಚನ ಹಿಂದಕ್ಕೆ ಹೋಗಿ ಓದಿ, ಅದು ಮನೆಯಾಳುಗಳಿಗೆ, ಅಂದರೆ ಅಂದಿನ ದಾಸರಿಗೆ ಬರೆದದ್ದು. ಒಡೆಯನ ಮೇಲೆ ದಾವೆ ಹೂಡುವ ಹಕ್ಕು ಅವರಿಗಿರಲಿಲ್ಲ. ಹಕ್ಕಿದ್ದ ಅಪೊಸ್ತಲ ಪೌಲ ಸುಮ್ಮನಿರಲಿಲ್ಲ. ಯೆರೂಸಲೇಮಿನಲ್ಲಿ ಕೊರಡೆಯಿಂದ ಹೊಡೆಯಲು ಬಾರಿನಿಂದ ಕಟ್ಟುತ್ತಿರುವಾಗಲೇ, ವಿಚಾರಣೆಯಿಲ್ಲದೆ ರೋಮಾಪುರದ ಹಕ್ಕುದಾರನನ್ನು (ಪೌರನನ್ನು) ಹೊಡೆಯಬಹುದೇ ಎಂದು ಕೇಳಿದ (ಅಪೊಸ್ತಲರ ಕೃತ್ಯಗಳು 22:25). ಯೇಸು ಕೂಡ ತನಗೆ ಹೊಡೆದ ಓಲೇಕಾರನನ್ನು ‘ಯಾಕೆ ಹೊಡೆದೆ’ ಎಂದು ಕೇಳಿದನು, ತಿರುಗಿ ಕೈಯೆತ್ತಲಿಲ್ಲ (ಯೋಹಾನ 18:23).

ನೀವೂ ಕೇಳಿ. ಇನ್ನೊಮ್ಮೆ ಹೀಗಾದರೆ ಚೀಲ ಎಣಿಸಿ, ಬಂದದ್ದೆಷ್ಟೆಂದು ಚಲನ್ ಮೇಲೆಯೇ ಅಂಕಿಯಲ್ಲೂ ಅಕ್ಷರದಲ್ಲೂ ಬರೆದು ಡ್ರೈವರ್‌ನ ಸಹಿ ಹಾಕಿಸಿ. ಲಾರಿ ನಂಬರು, ತಾರೀಖು, ಹೊತ್ತು ನಿಮ್ಮ ಡೈರಿಯಲ್ಲಿರಲಿ. ಅದೇ ದಿನ ಮೇಲಿನವರಿಗೆ ನಾಲ್ಕು ಸಾಲಿನ ಇಮೇಲ್ ಹಾಕಿ: ಬಂದದ್ದೆಷ್ಟು, ಬರೆದದ್ದೆಷ್ಟು, ಅಷ್ಟೇ. ‘ಕಳ್ಳರು’ ಎಂಬ ಮಾತು ಬೇಡ, ಕದ್ದವರನ್ನು ನೀವು ನೋಡಿಲ್ಲ. ಕಂಪನಿಯ ರಿಜಿಸ್ಟರನ್ನಂತೂ ಮನೆಗೆ ಒಯ್ಯಲೇಬೇಡಿ, ಕಳವಿನ ಕೇಸು ನಿಮ್ಮ ಮೇಲೇ ಬರಬಹುದು. ಹಲವರು ಎಡವುವುದು ಇಲ್ಲೇ. ಸಹಿ ಹಾಕದ್ದು ಸರಿಯಾಗಿರುತ್ತದೆ, ಆಮೇಲೆ ಕೂಗಾಡಿದ್ದಕ್ಕೆ ಮೆಮೊ ಬರುತ್ತದೆ. ಆ ಮೆಮೊವನ್ನು ಶಿಲುಬೆ ಎನ್ನಲಾಗದು. ತಪ್ಪು ಮಾಡಿ ಪೆಟ್ಟು ತಿಂದರೆ ಏನು ಹೆಚ್ಚುಗಾರಿಕೆ ಎಂದು ಕೇಳುವುದೂ ಅದೇ 2:20ನೆಯ ವಚನ.

ಸಂಬಳ ಕಡಿತಕ್ಕೆ ಕಾರಣವನ್ನು ಬರಹದಲ್ಲಿ ಕೇಳಿ. ಉತ್ತರ ಬಾರದಿದ್ದರೆ ಪೇ ಸ್ಲಿಪ್ ಹಿಡಿದು ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. ಸಿಟ್ಟಿನಲ್ಲಿ ರಾಜೀನಾಮೆ ಬೇಡ.

ಹೆಂಡತಿಗೆ ನಂಬಿಕೆ ಸಾಲದು ಎಂದುಕೊಳ್ಳಬೇಡಿ. ನಿರ್ಧಾರ ನಿಮ್ಮೊಬ್ಬರದು, ಪೆಟ್ಟು ಬಿದ್ದದ್ದು ಇಬ್ಬರಿಗೂ. ಭಾನುವಾರ ಆರಾಧನೆಯಿಂದ ಬಂದ ಮೇಲೆ ಒಟ್ಟಿಗೆ ಕೂತು ಬಾಡಿಗೆ, ರೇಷನ್, ಫೀಸು ಒಂದು ಚೀಟಿಯಲ್ಲಿ ಬರೆಯಿರಿ. ಎಲ್ಲಿ ಸಾಲದೋ ಅಲ್ಲಿ ಗೆರೆ ಹಾಕಿ, ಆ ಚೀಟಿಯನ್ನು ಅಯ್ಯನವರ ಕೈಗೆ ಕೊಡಿ. ಒಬ್ಬರ ಭಾರವನ್ನೊಬ್ಬರು ಹೊರಬೇಕೆಂದು ಗಲಾತ್ಯದವರಿಗೆ 6:2ರಲ್ಲಿ ಹೇಳಿರುವುದು ಸಭೆಗೆ. ಈ ವರ್ಷದ ಫೀಸು ಸಭೆಯಿಂದ ಆದೀತೇ ಎಂದು ಸಂಕೋಚವಿಲ್ಲದೆ ಕೇಳಿ.