ಪೌಡರ್ ಹಾಕಿದರೂ ಗಜಕರ್ಣ ಯಾಕೆ ಹೋಗ್ತಿಲ್ಲ?

ಪ್ರಶ್ನೆ: ನನಗೆ 34 ವರ್ಷ. ದಾಲ್ ಮಿಲ್ಲಿನಲ್ಲಿ ಹಮಾಲಿ ಕೆಲಸ. ತೊಡೆ ಸಂದಿಯಲ್ಲಿ ಗಜಕರ್ಣ ಆಗಿ ಐದು ತಿಂಗಳಾಯಿತು. ಮೆಡಿಕಲ್ ಅಂಗಡಿಯಲ್ಲಿ ಕೊಟ್ಟ ಫಂಗಸ್ ಪೌಡರನ್ನು ದಿನಕ್ಕೆ ನಾಲ್ಕು ಸಲ ಹಾಕುತ್ತೇನೆ. ಗೆಳೆಯ ಹೇಳಿದ ಒಂದು ಟ್ಯೂಬನ್ನೂ ಹಚ್ಚಿದೆ. ಎರಡೇ ದಿನದಲ್ಲಿ ತುರಿಕೆ ನಿಂತಿತು. ಬಿಟ್ಟ ಮೇಲೆ ಮೊದಲಿಗಿಂತ ಜಾಸ್ತಿ ಹಬ್ಬಿದೆ. ಈಗ ಹೆಂಡತಿಗೂ ಹೊಟ್ಟೆಯ ಮೇಲೆ ಬಂದಿದೆ. ಡಾಕ್ಟರಿಗೆ ತೋರಿಸಲು ನಾಚಿಕೆ. ಯಾವ ಪೌಡರ್ ಒಳ್ಳೆಯದು?
– ಹೆಸರು ಬೇಡ, ಕಲಬುರಗಿ

ಉತ್ತರ: ಮೊದಲು ನಾಚಿಕೆಯ ಮಾತು. ನನ್ನ ತಂದೆ ಇದೇ ಊರಿನ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದರು. ನಾನು ಮೆಡಿಕಲ್ ಓದುವಾಗ ಅವರಿಗೂ ಇದೇ ಆಗಿತ್ತು. ಮಗಳಿಗೆ ಹೇಗೆ ಹೇಳೋದು ಅಂತ ಎರಡು ವರ್ಷ ಒಂದಾದ ಮೇಲೊಂದು ಟ್ಯೂಬ್ ಹಚ್ಚಿಕೊಂಡರು. ನನಗೆ ಗೊತ್ತಾಗುವ ಹೊತ್ತಿಗೆ ತೊಡೆಯ ಚರ್ಮ ತೆಳುವಾಗಿತ್ತು. ಬಸುರಿಯ ಹೊಟ್ಟೆಯ ಮೇಲೆ ಬೀಳುತ್ತವಲ್ಲ, ಅಂಥ ಗೆರೆಗಳು ಬಿದ್ದಿದ್ದವು. ಗಜಕರ್ಣ ಆಮೇಲೆ ವಾಸಿಯಾಯಿತು. ಗೆರೆಗಳು ಕೊನೆಯವರೆಗೂ ಉಳಿದವು. ನಿಮ್ಮ ಪತ್ರ ಓದುವಾಗ ಅವರೇ ಕಣ್ಣ ಮುಂದೆ ಬಂದರು. ದಯವಿಟ್ಟು ತೋರಿಸಿಕೊಳ್ಳಿ. ನಮಗೆ ಇದು ದಿನಾ ನೋಡುವ ಕಾಯಿಲೆ.

ಆ ಟ್ಯೂಬನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರಿಂದ ಓದಿಸಿ. ಕ್ಲೋಬೆಟಾಸಾಲ್, ಬೀಟಾಮೆಥಾಸೋನ್, ಬೆಕ್ಲೊಮೆಥಾಸೋನ್, ಮೊಮೆಟಾಸೋನ್ ಇವುಗಳಲ್ಲಿ ಯಾವುದಾದರೂ ಇದ್ದರೆ ಅದರಲ್ಲಿ ಸ್ಟೀರಾಯ್ಡ್ ಇದೆ. ಸ್ಟೀರಾಯ್ಡ್ ತುರಿಕೆಯನ್ನೂ ಕೆಂಪನ್ನೂ ಅಡಗಿಸುತ್ತದೆ, ಫಂಗಸ್ಸನ್ನು ಕೊಲ್ಲುವುದಿಲ್ಲ. ಚರ್ಮ ಅದರ ಜೊತೆ ಹೋರಾಡುವುದನ್ನೇ ನಿಲ್ಲಿಸುತ್ತದೆ, ಅದು ನೆಮ್ಮದಿಯಾಗಿ ಬೆಳೆಯುತ್ತದೆ. ನಿಮಗೆ ಎರಡು ದಿನದಲ್ಲಿ ಆರಾಮ ಸಿಕ್ಕಿದ್ದೂ ಆಮೇಲೆ ಹಬ್ಬಿದ್ದೂ ಇದರಿಂದಲೇ ಇರಬೇಕು. ಇಂಥ ಮುಲಾಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರದಂತೆ 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿತು. ಆದರೂ ಜನ ಹೆಸರು ಹೇಳಿ ಕೇಳುತ್ತಾರೆ, ಸಿಗುತ್ತದೆ. ನನಗೆ ಸಂಕಟವಾಗುವುದು ಇಲ್ಲೇ. ಬಿಟ್ಟ ಮೇಲೆ ಕೆಲವು ದಿನ ತುರಿಕೆ ಕೆರಳಬಹುದು. ಮತ್ತೆ ಅದನ್ನೇ ಹಚ್ಚಬೇಡಿ.

ಈಗ ಪೌಡರ್. ಡಬ್ಬಿಯ ಮೇಲೆ ಕ್ಲೋಟ್ರಿಮಾಜೋಲ್ 1% ಅಥವಾ ಮೈಕೊನಾಜೋಲ್ 2% ಅಂತ ಇದ್ದರೆ ಅದು ಸರಿಯಾದ ಔಷಧಿಯೇ. ಬೇಸಿಗೆಯ ಬೆವರುಸಾಲೆ ಪೌಡರ್ ಬೇರೆ, ಅದು ತಂಪು ಮಾತ್ರ. ಆದರೆ ಫಂಗಸ್ ಕೂತಿರುವುದು ಚರ್ಮದ ಮೇಲ್ಪದರದ ಒಳಗೆ. ಪೌಡರ್ ಮೇಲೆಯೇ ಉಳಿಯುತ್ತದೆ, ಬೆವರಿನ ಜೊತೆ ಜಾರಿ ಹೋಗುತ್ತದೆ. ಒಳಗೆ ಇಳಿಯಲು ಕ್ರೀಮ್ ಬೇಕು. ಆದ್ದರಿಂದ ಐದು ತಿಂಗಳ ಗಜಕರ್ಣಕ್ಕೆ ಬರೀ ಪೌಡರ್ ಸಾಲದು. ನಿಮಗೆ ಮಾತ್ರೆಯೂ ಬೇಕಾಗಬಹುದು.

ಹಾಗಂತ ಡಬ್ಬಿ ಎಸೆಯಬೇಡಿ. ಬೆವರುವ ಜಾಗ ಒಣಗಿರಲು ಅದು ಬೇಕು. ರೊಟ್ಟಿ ಬಡಿಯುವಾಗ ಕೆಳಗೆ ಉದುರಿಸುವ ಒಣ ಹಿಟ್ಟು ನೆನಪಿಸಿಕೊಳ್ಳಿ. ಅಷ್ಟೇ ತೆಳುವಾಗಿ ಹಾಕಿ. ಒದ್ದೆ ಮೈಮೇಲೆ ಸುರಿದರೆ ಹಿಟ್ಟು ಕಲಸಿದಂತೆ ಗಂಟು ಕಟ್ಟಿ, ನಡೆಯುವಾಗ ತೊಡೆ ಉಜ್ಜಿ ಹುಣ್ಣಾಗುತ್ತದೆ. ಮಿಲ್ಲಿನಿಂದ ಬಂದ ಕೂಡಲೇ ಸ್ನಾನ ಮಾಡಿ, ಒರೆಸಿ, ಐದು ನಿಮಿಷ ಗಾಳಿಗೆ ಬಿಡಿ. ಡಾಕ್ಟರ್ ಬರೆದ ಕ್ರೀಮನ್ನು ಕಲೆಯ ಅಂಚಿನಿಂದ ಎರಡು ಬೆರಳು ಆಚೆಯವರೆಗೂ ಹಚ್ಚಿ. ಅದು ಪೂರ್ತಿ ಹೀರಿದ ಮೇಲೆ ಪೌಡರ್. ದಿನಕ್ಕೆ ಎರಡು ಸಲ ಸಾಕು. ಡಬ್ಬಿಯನ್ನು ಮುಖದ ಹತ್ತಿರ ಕೊಡವಬೇಡಿ, ಉಸಿರಿನೊಳಗೆ ಹೋಗಬಾರದು. ಅಂಗೈಗೆ ಹಾಕಿಕೊಂಡು ಸವರಿ. ಚರ್ಮ ಬಿರಿದು ನೀರು ಸೋರುತ್ತಿದ್ದರೆ ಪೌಡರ್ ಬೇಡ. ಉರಿ ಹೆಚ್ಚಾದರೆ ನಿಲ್ಲಿಸಿ. ಗಜಕರ್ಣದ ಖಾರದ ಲೋಷನ್, ಬ್ಯಾಟರಿ ನೀರು, ಸೀಮೆಎಣ್ಣೆ ಹಚ್ಚಿ ಸುಟ್ಟುಕೊಂಡು ಬಂದವರನ್ನು ನೋಡಿದ್ದೇನೆ. ಅದಂತೂ ಬೇಡವೇ ಬೇಡ.

ಈಚೆಗೆ ನಮ್ಮ ದೇಶದಲ್ಲಿ ಹಬ್ಬಿರುವ ಫಂಗಸ್ಸೇ ಹಠಮಾರಿ. 2020ರಲ್ಲಿ ಅದಕ್ಕೆ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂದು ಹೆಸರಿಟ್ಟರು. ಹಿಂದೆ ಕೆಲವೇ ವಾರಗಳಲ್ಲಿ ವಾಸಿ ಮಾಡುತ್ತಿದ್ದ ಟರ್ಬಿನಾಫಿನ್ ಮಾತ್ರೆಗೆ ಅದು ಹಲವರಲ್ಲಿ ಬಗ್ಗುವುದಿಲ್ಲ. ಕಲೆ ಮಾಯವಾದ ಮೇಲೂ ಕನಿಷ್ಠ ಎರಡು ವಾರ ಔಷಧಿ ಮುಂದುವರಿಸಬೇಕು. ಹೆಂಡತಿಗೂ ಜೊತೆಯಲ್ಲೇ ಚಿಕಿತ್ಸೆ ಆಗಬೇಕು, ಇಲ್ಲದಿದ್ದರೆ ಒಬ್ಬರಿಂದ ಒಬ್ಬರಿಗೆ ಸುತ್ತುತ್ತಲೇ ಇರುತ್ತದೆ. ಅವರು ಬಸುರಿಯಾಗಿದ್ದರೆ ಮೊದಲೇ ಹೇಳಿ, ಕೆಲವು ಮಾತ್ರೆ ಕೊಡುವಂತಿಲ್ಲ. ಸಕ್ಕರೆ ಕಾಯಿಲೆ ಇದೆಯಾ ಅಂತ ಇಬ್ಬರೂ ರಕ್ತ ಪರೀಕ್ಷೆ ಮಾಡಿಸಿ. ನಮ್ಮೂರ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನ ಚರ್ಮರೋಗ ವಿಭಾಗಕ್ಕೆ ಬೆಳಿಗ್ಗೆ ಹೋಗಿ. ಅನುಮಾನ ಇದ್ದರೆ ಚರ್ಮದ ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನೋವಾಗುವುದಿಲ್ಲ.

ಪ್ರಶ್ನೆ: ಮಗಳು ಬೀದರ್‌ನಲ್ಲಿ ಹಾಸ್ಟೆಲ್‌ನಲ್ಲಿ ಓದುತ್ತಾಳೆ. ಸೊಂಟದ ಸುತ್ತ, ಲಾಡಿ ಕಟ್ಟುವ ಜಾಗದಲ್ಲಿ ಫಂಗಸ್. ಔಷಧಿ ಮುಗಿಸಿದರೂ ಮೂರು ಸಲ ಮರುಕಳಿಸಿದೆ. ಪೌಡರ್ ದಿನಾ ಹಾಕುತ್ತಾಳೆ.
– ಒಬ್ಬ ತಾಯಿ, ಬಸವಕಲ್ಯಾಣ

ಉತ್ತರ: ಅವಳ ಒಳಉಡುಪು ಎಲ್ಲಿ ಒಣಗುತ್ತವೆ ಎಂದು ಕೇಳಿ. ನಮ್ಮ ಹೆಣ್ಣುಮಕ್ಕಳು ಯಾರ ಕಣ್ಣಿಗೂ ಬೀಳಬಾರದೆಂದು ಕೋಣೆಯೊಳಗೆ ಟವೆಲ್ ಕೆಳಗೆ ಹರವುತ್ತಾರೆ. ಅರ್ಧ ಒಣಗಿದ್ದನ್ನೇ ಬೆಳಿಗ್ಗೆ ಹಾಕಿಕೊಳ್ಳುತ್ತಾರೆ. ನಮ್ಮ ಕಡೆಯ ಬಿಸಿಲಿಗೆ ಬರವೇ? ಅದು ಈ ಬಟ್ಟೆಗಳಿಗೆ ಮಾತ್ರ ಸಿಗುವುದಿಲ್ಲ. ಬಿಸಿ ನೀರಲ್ಲಿ ಬೇರೆಯಾಗಿ ಒಗೆದು, ಒಳಮೈ ಹೊರಗೆ ಮಾಡಿ, ಪೂರ್ತಿ ಬಿಸಿಲಲ್ಲಿ ಹಾಕಲಿ. ಸೊಂಟಪಟ್ಟಿ, ಹೊಲಿಗೆಗಳ ಮೇಲೆ ಇಸ್ತ್ರಿ ಆಡಿಸಲಿ. ಲಾಡಿ ಸಡಿಲ ಇರಲಿ, ಬಟ್ಟೆ ಹತ್ತಿಯದಿರಲಿ. ಟವೆಲ್, ಸೋಪು, ಬಟ್ಟೆ ಗೆಳತಿಯರ ಜೊತೆ ಹಂಚಿಕೊಳ್ಳುವುದು ಬೇಡ. ಹಾಸ್ಟೆಲ್ ವಾರ್ಡನ್‌ಗೆ ನೀವೇ ಫೋನ್ ಮಾಡಿ, ಹುಡುಗಿಯರಿಗೆ ಮಾಳಿಗೆಯ ಮೇಲೊಂದು ಮರೆ ಇರುವ ಜಾಗ ಕೇಳಿ. ಅದು ಆಗದೆ ನಾಲ್ಕನೇ ಡಬ್ಬಿ ಪೌಡರ್ ತಂದುಕೊಟ್ಟೂ ಫಲವಿಲ್ಲ.

ಪ್ರಶ್ನೆ: ಭತ್ತದ ಗದ್ದೆ ಕೆಲಸದಿಂದ ಕಾಲ್ಬೆರಳ ಸಂದಿ ಬೆಳ್ಳಗೆ ಬೆಂದಂತಾಗಿದೆ. ಪೌಡರ್ ತಂದಿದ್ದೇನೆ. ಮೊಮ್ಮಗನ ತಲೆಯಲ್ಲೂ ದುಂಡಗೆ ಕೂದಲು ಉದುರಿದೆ. ಅವನಿಗೂ ಇದನ್ನೇ ಹಾಕಲೇ?
– ರೈತ, ಶಹಾಪುರ

ಉತ್ತರ: ನಿಮ್ಮ ಬೆರಳ ಸಂದಿಗೆ ಪೌಡರ್ ಚೆನ್ನಾಗಿ ಹೊಂದುತ್ತದೆ. ರಾತ್ರಿ ಸ್ಟೀರಾಯ್ಡ್ ಇಲ್ಲದ ಫಂಗಸ್ ಕ್ರೀಮ್, ಬೆಳಿಗ್ಗೆ ಪೌಡರ್, ನಾಲ್ಕು ವಾರ. ಪ್ರತಿ ಸಂದಿಯನ್ನೂ ಹತ್ತಿ ಬಟ್ಟೆಯಿಂದ ಒರೆಸಿ. ಮಧ್ಯಾಹ್ನ ಊಟಕ್ಕೆ ಗದ್ದೆಯಿಂದ ಬದುವಿಗೆ ಬಂದಾಗ ಕಾಲು ತೊಳೆದು ಒಣಗಿಸಿ. ಕಾಲು ಕೆಂಪಾಗಿ ಊದಿಕೊಂಡರೆ, ಜ್ವರ ಬಂದರೆ ಆ ದಿನವೇ ಆಸ್ಪತ್ರೆಗೆ ಹೋಗಿ.

ಮೊಮ್ಮಗನಿಗೆ ಹಾಕಬೇಡಿ. ಅದು ಫಂಗಸ್ಸೇ ಆಗಿದ್ದರೆ ಕೂದಲಿನ ಬುಡದಲ್ಲಿರುತ್ತದೆ, ಪೌಡರಾಗಲಿ ಕ್ರೀಮಾಗಲಿ ಅಲ್ಲಿಗೆ ತಲುಪುವುದಿಲ್ಲ. ಮಗುವಿನ ತೂಕ ನೋಡಿ ಹಲವು ವಾರ ಔಷಧಿ ಕುಡಿಸಬೇಕಾಗುತ್ತದೆ. ಹುಡುಗನ ತಲೆ ಬೋಳಿಸಿ ಸುಮ್ನೆ ನೋಯಿಸಬೇಡಿ. ಬಾಚಣಿಗೆ, ಟೋಪಿ ಬೇರೆ ಇಡಿ. ಈ ವಾರವೇ ಯಾದಗಿರಿಗೆ ಕರೆದುಕೊಂಡು ಹೋಗಿ. ಹೋಗುವ ದಿನ ತಲೆಗೆ ಎಣ್ಣೆ ಹಚ್ಚಬೇಡಿ, ಕೂದಲು ಕಿತ್ತು ಪರೀಕ್ಷೆ ಮಾಡಲು ಕಷ್ಟವಾಗುತ್ತದೆ.